ಹಣ್ಣುನೊಣಕ್ಕೆ ಹೊತ್ತು ಹೇಳುವವರು ಯಾರು?

ಪ್ರಶ್ನೆ: ಬಾಳೆಹಣ್ಣಿನ ಬುಟ್ಟಿಗೆ ಬೆಳಿಗ್ಗೆ, ಸಂಜೆ ಸಣ್ಣ ನೊಣಗಳು ಮುತ್ತುತ್ತವೆ. ಮಧ್ಯಾಹ್ನ ಅಷ್ಟಾಗಿ ಕಾಣುವುದಿಲ್ಲ. ಅವಕ್ಕೆ ಹೊತ್ತು ತಿಳಿಯುತ್ತದೆಯೇ, ಇಲ್ಲ ಬಿಸಿಲಿಗೆ ಹೆದರುತ್ತವೆಯೇ?

ಉತ್ತರ: ಬಿಸಿಲಿನ ಪಾತ್ರವೂ ಉಂಟು. ಆದರೆ ಅವೇ ನೊಣಗಳನ್ನು ಸದಾ ಕತ್ತಲಲ್ಲಿ, ಒಂದೇ ಉಷ್ಣಾಂಶದಲ್ಲಿ ಇಟ್ಟು ನೋಡಿ. ಆಗಲೂ ಸುಮಾರು 24 ಗಂಟೆಯ ಲೆಕ್ಕದಲ್ಲೇ ಚುರುಕಾಗುತ್ತವೆ, ಸುಮ್ಮನಾಗುತ್ತವೆ. ಗಡಿಯಾರ ಒಳಗೇ ಇದೆ.

ಅದು ವಂಶವಾಹಿಯಲ್ಲಿದೆ ಎಂದು 1971ರಲ್ಲಿ ತೋರಿಸಿದವರು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ರೊನಾಲ್ಡ್ ಕೊನೊಪ್ಕಾ ಮತ್ತು ಅವರ ಗುರು ಸೀಮೋರ್ ಬೆಂಜರ್. ಹಣ್ಣುನೊಣ ತನ್ನ ಕೋಶ ಒಡೆದು ಹೊರಬರುವುದು ಹೆಚ್ಚಾಗಿ ಬೆಳಗಿನ ಹೊತ್ತು. ರಾಸಾಯನಿಕ ಉಣಿಸಿದ ನೊಣಗಳ ಸಂತತಿಯಲ್ಲಿ ಹೊತ್ತಲ್ಲದ ಹೊತ್ತಿಗೆ ಹೊರಬರುವವನ್ನು ಕೊನೊಪ್ಕಾ ಹುಡುಕಿದರು. ಮೂರು ಬಗೆ ಸಿಕ್ಕವು. ಒಂದಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28, ಮತ್ತೊಂದಕ್ಕೆ ಹಗಲಿರುಳಿನ ಲೆಕ್ಕವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಎಕ್ಸ್ ವರ್ಣತಂತುವಿನ ಮೇಲಿನ ಒಂದೇ ವಂಶವಾಹಿ! ಅದಕ್ಕೆ 'ಪೀರಿಯಡ್' ಎಂದು ಹೆಸರಾಯಿತು. ಗಡಿಯಾರ ನಿಲ್ಲಲು ಯಾವ ಬಿಡಿಭಾಗ ಮುರಿದರೂ ಸಾಕು. ಒಂದೇ ಭಾಗದ ದೋಷದಿಂದ ಅದು ಮುಂದೆಯೂ ಓಡುತ್ತದೆ, ಹಿಂದೆಯೂ ಬೀಳುತ್ತದೆ ಎಂದಾದರೆ ವೇಗ ನಿಗದಿಯಾಗುವುದೇ ಅಲ್ಲಿ. ನನ್ನ ಮಟ್ಟಿಗೆ ಇಡೀ ಕಥೆಯ ಸೊಗಸು ಇದು.

ಕೆಲಸ ಹೇಗೆ? ಹಾಲು ಉಕ್ಕಿ ತನ್ನ ಒಲೆಯನ್ನೇ ನಂದಿಸುವುದನ್ನು ನೆನೆದುಕೊಳ್ಳಿ. 'ಪೀರಿಯಡ್' ತಯಾರಿಸುವ ಪ್ರೋಟೀನ್ ಸಂಜೆಯಿಂದ ಜೀವಕೋಶದಲ್ಲಿ ನಿಧಾನವಾಗಿ ಶೇಖರವಾಗುತ್ತದೆ. 'ಟೈಮ್‌ಲೆಸ್' ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ರಾತ್ರಿ ಕೋಶಕೇಂದ್ರಕ್ಕೆ ಹೊಕ್ಕು, ತನ್ನನ್ನು ಹುಟ್ಟಿಸಿದ ವಂಶವಾಹಿಯ ಬಾಯನ್ನೇ ಮುಚ್ಚಿಸುತ್ತದೆ. ತಯಾರಿ ನಿಂತಿತು, ಇದ್ದದ್ದೂ ಕ್ರಮೇಣ ಕರಗಿತು, ಒಲೆ ಮತ್ತೆ ಹೊತ್ತಿತು. ಈ ಒಂದು ಸುತ್ತಿಗೆ ಸುಮಾರು 24 ಗಂಟೆ. ಬೆಳಕು ಬಿದ್ದೊಡನೆ ಟೈಮ್‌ಲೆಸ್ ನಾಶವಾಗುವುದರಿಂದ ಗಡಿಯಾರ ದಿನವೂ ಸೂರ್ಯನಿಗೆ ಹೊಂದಿಕೊಳ್ಳುತ್ತದೆ.

ಇದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಂದಿತು. ಬೆಂಜರ್ 2007ರಲ್ಲೂ ಕೊನೊಪ್ಕಾ 2015ರಲ್ಲೂ ತೀರಿಕೊಂಡಿದ್ದರು. ನೊಬೆಲ್ ಮರಣೋತ್ತರವಾಗಿ ಸಲ್ಲುವುದಿಲ್ಲ.

ಬೆಳಕಿನ ಏರಿಳಿತವೇ ಇಲ್ಲದ ಕಡೆ ತಲೆಮಾರುಗಟ್ಟಲೆ ಬಾಳಿದರೆ ನೊಣಗಳು ಹೊತ್ತನ್ನು ಮರೆಯಬಹುದೇ? ಇದನ್ನು ಕೇಳಿಕೊಂಡವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು. ದೀಪ ಆರಿಸದ ಕೋಣೆಯಲ್ಲಿ 600ಕ್ಕೂ ಹೆಚ್ಚು ತಲೆಮಾರು ಬೆಳೆದ ನೊಣಗಳನ್ನು ಅವರು ಪರೀಕ್ಷಿಸಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಶ ಒಡೆದು ಹೊರಬರುವ ಲಯ ಆ ನೊಣಗಳಲ್ಲಿ ಹಾಗೆಯೇ ಉಳಿದಿತ್ತು.