ಪುಟಕ್ಕೆ ಹತ್ತು ಸೂ

ರಾಜ್ಯಶಾಸ್ತ್ರದ ತರಗತಿಯಲ್ಲಿ ರೂಸೋ ನಮಗೆಲ್ಲ ಪರಿಚಿತನೇ. 1762ರಲ್ಲಿ ‘ಸಾಮಾಜಿಕ ಒಪ್ಪಂದ’ವನ್ನು ಪ್ರಕಟಿಸಿದ ಆ ಮಹಾಶಯನು ಹೊಟ್ಟೆಪಾಡಿಗಾಗಿ ಸಂಗೀತದ ಹಾಳೆಗಳನ್ನು ನಕಲು ಮಾಡುತ್ತಿದ್ದನೆಂಬುದು ಪರೀಕ್ಷೆಗೆ ಬಾರದ ವಿಷಯವಾದ್ದರಿಂದ ಬಹಳ ಮಂದಿಗೆ ತಿಳಿಯದು. ನನಗೂ ಈ ವರ್ಷವೇ ತಿಳಿದುದು.

ಯುರೋಪಿನ ವಾದ್ಯವೃಂದದಲ್ಲಿ ಪ್ರತಿಯೊಬ್ಬ ವಾದಕನ ಮುಂದೆಯೂ ಅವನು ನುಡಿಸಬೇಕಾದ ಸ್ವರಗಳ ಹಾಳೆ ಇರಬೇಕು. ಎಲ್ಲ ವಾದ್ಯಗಳನ್ನೂ ಒಟ್ಟಾಗಿ ಬರೆದ ಮೂಲಪ್ರತಿಯಿಂದ ಒಂದೊಂದು ವಾದ್ಯದ ಪಾಲನ್ನು ಬಿಡಿಸಿ ಬರೆಯುವವನೇ ನಕಲುಗಾರ. ರೂಸೋ ಪ್ಯಾರಿಸಿನಲ್ಲಿ ಖಜಾಂಚಿಯ ಕೆಲಸವನ್ನು ಬಿಟ್ಟು ಈ ಕಸುಬನ್ನು ಹಿಡಿದನು. ಯಾರ ಹಂಗೂ ಬೇಡವೆಂಬುದು ಅವನ ಹಟ. ಕೊನೆಗಾಲದಲ್ಲಿ ಅವನ ದರ ಪುಟಕ್ಕೆ ಹತ್ತು ಸೂ. ಆರು ವರ್ಷಗಳಲ್ಲಿ 6000 ಪುಟಗಳಿಗೂ ಮಿಗಿಲಾಗಿ ಬರೆದುದಾಗಿ ಅವನೇ ಲೆಕ್ಕ ಕೊಟ್ಟಿದ್ದಾನೆ. 20 ಸೂಗಳಿಗೆ ಒಂದು ಲಿವ್ರ್. ಎಂದರೆ ವರ್ಷಕ್ಕೆ ಸುಮಾರು 500 ಲಿವ್ರ್.

ಲೆಕ್ಕವೇನೋ ಸುಲಭ. ಆದರೆ ಪುಟವೆಂದರೆ ಎಷ್ಟು? ನಿಧಾನಗತಿಯ ಪುಟದಲ್ಲಿ ಐವತ್ತು ಸ್ವರಗಳಿದ್ದರೆ, ಓಟದ ಪಿಟೀಲಿನ ಪುಟದಲ್ಲಿ ಐನೂರು ಇರಬಹುದು. ಜಾಣನಾದವನು ಸ್ವರಗಳನ್ನು ದೂರದೂರ ಬರೆದು ಪುಟಗಳನ್ನೇ ಬೆಳೆಸಬಹುದು.

ಇದಕ್ಕಿಂತ ದೊಡ್ಡ ತೊಡಕು ತಪ್ಪಿನದು. ನಮ್ಮ ವಯಸ್ಸಿನಲ್ಲೇ ರೂಸೋ ಲಿಯೋನ್ ನಗರದಲ್ಲಿ ಒಬ್ಬ ಸಂನ್ಯಾಸಿಗೆ ನಕಲು ಮಾಡಿಕೊಟ್ಟನು. ಬಿಟ್ಟುಹೋದ ಸ್ವರಗಳು, ಎರಡೆರಡು ಸಲ ಬರೆದ ಸ್ವರಗಳು: ಆ ಹಾಳೆಗಳಿಂದ ನುಡಿಸಲಾಗಲಿಲ್ಲ. ಆದರೂ ಆ ಪುಣ್ಯಾತ್ಮ ಹಣ ಕೊಟ್ಟನು. ಅದಕ್ಕೆ ತಾನು ಅರ್ಹನಲ್ಲವೆಂದು ರೂಸೋ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಬರೆಯುವುದಕ್ಕಿಂತ ಕೆರೆದು ಅಳಿಸುವುದರಲ್ಲೇ ಅವನಿಗೆ ಹೆಚ್ಚು ಹೊತ್ತು ಹೋಗುತ್ತಿತ್ತಂತೆ. ಯಾರ ಪ್ರತಿಯಿಂದ ಅತಿ ಸಲೀಸಾಗಿ ನುಡಿಸಬಹುದೋ ಅವನೇ ಉತ್ತಮ ನಕಲುಗಾರನೆಂದು 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದವನೂ ಅವನೇ! ಆ ಸಲೀಸು ಬರುವುದು ಮೂಲದೊಡನೆ ಹೋಲಿಸಿ ತಿದ್ದುವುದರಿಂದ. ಪುಟದ ಎಣಿಕೆಯಲ್ಲಿ ಆ ಶ್ರಮ ಕಾಣುವುದೇ ಇಲ್ಲ.

ನನ್ನ ತಾಯಿ ಬೀಡಿ ಕಟ್ಟುವವರು. ಕೂಲಿ ಸಾವಿರಕ್ಕೆ ಇಷ್ಟೆಂದು. ತೆಗೆದುಹಾಕಿದ ಬೀಡಿಗೆ ಕಾಸಿಲ್ಲ. ರಾತ್ರಿ ದೀಪದ ಕೆಳಗೆ ಅವರು ಒಂದೊಂದನ್ನೂ ತಿರುಗಿಸಿ ನೋಡುವ ಹೊತ್ತಿಗೆ ಕೂಲಿಯನ್ನು ಯಾರೂ ಕಟ್ಟಿಲ್ಲ. ಆದ್ದರಿಂದ ಈ ವಿಷಯ ನನಗೆ ಕೇವಲ ಪುಸ್ತಕದ್ದಾಗಿ ತೋರಲಿಲ್ಲ.

ಈಗ ಕಂಪ್ಯೂಟರು ಪಾಲುಗಳನ್ನು ಕ್ಷಣದಲ್ಲಿ ಬಿಡಿಸಿಕೊಡುತ್ತದೆ. ತಿದ್ದುವ ಕಣ್ಣು ಮಾತ್ರ ಮನುಷ್ಯನದೇ. ಅಮೆರಿಕದ ಸಂಗೀತಗಾರರ ಸಂಘದ ದರಪಟ್ಟಿಯಲ್ಲಿ ಪುಟದ ದರದೊಂದಿಗೆ ಗಂಟೆಯ ದರವೂ ಇದೆ. ಇದು ನ್ಯಾಯವೆಂದು ನನ್ನ ಅಭಿಪ್ರಾಯ. ಬರವಣಿಗೆಗೆ ಪುಟದ ದರ, ಪರಿಶೀಲನೆಗೆ ಗಂಟೆಯ ದರ ಇರಲಿ. ನಕಲುಗಾರನು ತನ್ನ ತಪ್ಪನ್ನು ಪುಕ್ಕಟೆಯಾಗಿ ತಿದ್ದಿಕೊಡಲಿ. ಕೃತಿಕಾರನು ನಡುವೆ ಮನಸ್ಸು ಬದಲಿಸಿದರೆ ಅದರ ಹಣ ಬೇರೆ. ಇಷ್ಟನ್ನೂ ಕೆಲಸಕ್ಕೆ ಕೈಹಾಕುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.