ಭಾವ, ಸೆಷನ್, ಖಾಯಿ, ಲಗಾಯಿ: ಬೆಟ್ಟಿಂಗ್ ಭಾಷೆಯ ಮೊದಲ ಪಾಠ

ಐಪಿಎಲ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಹೊಸದೊಂದು ಭಾಷೆ ಹುಟ್ಟಿಕೊಳ್ಳುತ್ತದೆ. ಸಾಂಬಾರಿನ ಸಾಲಿನಲ್ಲಿ ನಿಂತವನೊಬ್ಬ "ಭಾವ ಎಷ್ಟಿದೆ ಮಗಾ?" ಅಂತಾನೆ. ಇನ್ನೊಬ್ಬ "ಎಂಬತ್ತು-ಎಂಬತ್ತೆರಡು, ಸೆಷನ್ ನೋಡ್ಕೋ" ಅಂತಾನೆ. ನಡುವೆ ತಟ್ಟೆ ಹಿಡಿದು ನಿಂತ ಫಸ್ಟ್ ಇಯರ್ ಹುಡುಗನಿಗೆ ಇದು ಷೇರು ಮಾರುಕಟ್ಟೆಯೋ ಅಡಿಕೆ ಮಂಡಿಯೋ ತಿಳಿಯುವುದಿಲ್ಲ. ಕೇಳೋಕೆ ನಾಚಿಕೆ. ಗೊತ್ತಿದ್ದವನ ಹಾಗೆ ತಲೆಯಾಡಿಸುತ್ತಾನೆ, ವಾರದೊಳಗೆ ಅವನೂ ನೂರು ರೂಪಾಯಿ ಹಾಕಿರುತ್ತಾನೆ.

ನಮ್ಮ ಬ್ಲಾಕ್‌ನ ಗೆಳೆಯನೊಬ್ಬ ಶುರು ಮಾಡಿದ್ದು ಹೀಗೇ. ಅವನ ವಿಷಯಕ್ಕೆ ಆಮೇಲೆ ಬರುತ್ತೇವೆ. ಈ ಲೇಖನ ಆಡಲು ಕಲಿಸುವುದಕ್ಕಲ್ಲ. ಈ ಪದಗಳ ಒಳಗೆ ಎಲ್ಲೆಲ್ಲಿ ಒಂದೊಂದು ಕಳೆಯುವ ಲೆಕ್ಕ ಅಡಗಿದೆ ಅಂತ ತೋರಿಸುವುದಷ್ಟೇ ನಮ್ಮ ಉದ್ದೇಶ. ಇದಕ್ಕೆ ಪ್ರಾಬಬಿಲಿಟಿ ಯೂನಿಟ್‌ನ ಮೊದಲ ಎರಡು ಪುಟ ಸಾಕು. ಆ ಯೂನಿಟ್ ಹುಟ್ಟಿದ್ದೇ ಜೂಜಿನಿಂದ ಅನ್ನುವುದು ಬೇರೆ ಮಾತು: 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಒಬ್ಬರಿಗೊಬ್ಬರು ಬರೆದ ಪತ್ರಗಳಲ್ಲಿದ್ದ ಪ್ರಶ್ನೆ, ಅರ್ಧಕ್ಕೆ ನಿಂತ ಆಟದಲ್ಲಿ ಪಣದ ಹಣವನ್ನು ಹೇಗೆ ಹಂಚಬೇಕು ಅನ್ನುವುದು.

ಪಣ ಮತ್ತು ಆಡ್ಸ್

ಪಣ ನಮ್ಮದೇ ಪದ. ಆಟಕ್ಕೆ ಒಡ್ಡುವ ಹಣ ಅಥವಾ ವಸ್ತು. ಇವತ್ತು 'ಪಣ ತೊಟ್ಟರು' ಅಂದರೆ ಪ್ರತಿಜ್ಞೆ ಮಾಡಿದರು ಅಂತ ಅರ್ಥ, ಆದರೆ ಧರ್ಮರಾಯ ಪಗಡೆಯ ಹಾಸಿನ ಮೇಲೆ ಒಡ್ಡಿದ್ದು ಇದನ್ನೇ. ಹಳ್ಳಿಯಲ್ಲಿ ಬಾಜಿ ಅಂತಾರೆ, ಆ್ಯಪ್‌ನಲ್ಲಿ ಸ್ಟೇಕ್ ಅಂತ ಇರುತ್ತದೆ.

ಆಡ್ಸ್ ಅಂದರೆ ಗೆದ್ದರೆ ಎಷ್ಟು ಕೊಡುತ್ತಾರೆ ಅನ್ನುವ ದರ. ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ದಶಮಾಂಶದ ರೂಪ. 1.90 ಅಂತ ಇದ್ದರೆ, 100 ಹಾಕಿ ಗೆದ್ದವನಿಗೆ 190 ವಾಪಸ್. ಅದರಲ್ಲಿ ಅವನದೇ 100 ಸೇರಿದೆ, ಲಾಭ 90. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಇದನ್ನೇ 9/10 ಅಂತ ಬರೆಯುತ್ತಾರೆ. ಅಮೆರಿಕದವರು ಪ್ಲಸ್ ಮೈನಸ್ ಹಾಕಿ ಬರೆಯುತ್ತಾರೆ: +150 ಅಂದರೆ 100 ಹಾಕಿದವನಿಗೆ 150 ಲಾಭ, -150 ಅಂದರೆ 100 ಲಾಭಕ್ಕೆ 150 ಹಾಕಬೇಕು. ಮೂರೂ ಒಂದೇ ವಿಷಯ, ಸೆಲ್ಸಿಯಸ್-ಫ್ಯಾರನ್‌ಹೀಟ್ ಇದ್ದ ಹಾಗೆ. ಗೆಲ್ಲುವ ಸಾಧ್ಯತೆ ಜಾಸ್ತಿ ಅಂತ ಮಾರುಕಟ್ಟೆ ನಂಬಿರುವ ತಂಡ ಫೇವರಿಟ್, ಅದರ ಆಡ್ಸ್ ಕಡಿಮೆ. ಎದುರಿನದು ಅಂಡರ್‌ಡಾಗ್.

ಈಗ ಮುಖ್ಯ ಭಾಗ. ಆಡ್ಸ್‌ನ ತಲೆಕೆಳಗು ಮಾಡಿ, 1 ÷ 1.90. ಉತ್ತರ 0.526. ಅಂದರೆ ಈ ದರ 'ಗೆಲ್ಲುವ ಸಾಧ್ಯತೆ ಶೇ. 52.6' ಅಂತ ಹೇಳುತ್ತಿದೆ. ಟಾಸ್ ಮೇಲಿನ ಬೆಟ್ ತಗೊಳ್ಳಿ. ಎರಡೂ ತಂಡಕ್ಕೆ 1.90 ಕೊಟ್ಟಿರುತ್ತಾರೆ. ಕೂಡಿಸಿದರೆ 105.2! ನಾಣ್ಯಕ್ಕೆ ಎರಡೇ ಮುಖ, ಒಟ್ಟು 100 ಆಗಬೇಕಿತ್ತು. ಈ ಹೆಚ್ಚುವರಿ ಐದು ಚಿಲ್ಲರೆಗೆ ಓವರ್‌ರೌಂಡ್ ಅಂತ ಹೆಸರು. ವಿಗ್, ಜ್ಯೂಸ್, ಮಾರ್ಜಿನ್ ಅಂತಲೂ ಕರೆಯುತ್ತಾರೆ. ನಿಮ್ಮ ಕಡೆಯಿಂದ ನೋಡಿದರೆ, ಟಾಸ್ ಮೇಲೆ ಹಾಕುವ ಪ್ರತಿ 100 ರೂಪಾಯಿಯ ಸರಾಸರಿ ಬೆಲೆ 95. ನೀವು ಕಳಿಸಿದ ಕ್ಷಣವೇ ಐದು ರೂಪಾಯಿ ಹೋಯ್ತು, ನಾಣ್ಯ ಇನ್ನೂ ಗಾಳಿಯಲ್ಲೇ ಇದೆ.

ಕ್ಯಾಸಿನೋದಲ್ಲಿ ಇದಕ್ಕೇ ಹೌಸ್ ಎಡ್ಜ್ ಅಂತಾರೆ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ, ಆದರೆ ಒಂದು ಸಂಖ್ಯೆ ಹಿಡಿದು ಗೆದ್ದವನಿಗೆ ಕೊಡುವುದು 35ಕ್ಕೆ 1ರ ದರದಲ್ಲಿ. ಹಸಿರು ಸೊನ್ನೆಯ ಒಂದು ಮನೆಯೇ ಮಾಲೀಕನ ಶೇ. 2.7. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ, ಹಾಗಾಗಿ ಶೇ. 5.26. ಶಕುನಿಗೆ ಮೋಸದ ದಾಳ ಬೇಕಿತ್ತು. ಇವರಿಗೆ ಬೇಡ, ದಾಳ ಸರಿಯಾಗಿದ್ದರೂ ದರ ಸಾಕು.

ಖಾಯಿ-ಲಗಾಯಿ

ಇನ್ನು ಮೆಸ್ಸಿನ ಭಾಷೆ. 'ಭಾವ ಎಂಬತ್ತು-ಎಂಬತ್ತೆರಡು' ಅನ್ನುವುದು ಫೇವರಿಟ್ ತಂಡದ ದರ, ಪೈಸೆಯಲ್ಲಿ. ಲಗಾಯಿ ಅಂದರೆ ಆ ತಂಡ ಗೆಲ್ಲುತ್ತದೆ ಅಂತ ಹಾಕುವುದು: 1,000 ಲಗಾಯಿ ಮಾಡಿದರೆ ಗೆದ್ದಾಗ 800 ಬರುತ್ತದೆ, ಸೋತಾಗ 1,000 ಹೋಗುತ್ತದೆ. ಖಾಯಿ ಅಂದರೆ 'ತಿನ್ನುವುದು', ಆ ತಂಡ ಸೋಲುತ್ತದೆ ಅಂತ ಎದುರು ನಿಲ್ಲುವುದು: ಸೋತರೆ 1,000 ಬರುತ್ತದೆ, ಗೆದ್ದರೆ 820 ಕೊಡಬೇಕು. ಆ್ಯಪ್‌ಗಳ ಬ್ಯಾಕ್ ಮತ್ತು ಲೇ ಇವೇ ಎರಡು.

ಒಬ್ಬ ಲಗಾಯಿ, ಇನ್ನೊಬ್ಬ ಖಾಯಿ ಮಾಡಿದ್ದಾನೆ ಅಂದುಕೊಳ್ಳಿ. ಬುಕ್ಕಿಯ ಜೇಬಿನಲ್ಲಿ ಏನಾಗುತ್ತದೆ? ಫೇವರಿಟ್ ಸೋತರೆ ಮೊದಲನೆಯವನಿಂದ ಬಂದ 1,000 ಎರಡನೆಯವನಿಗೆ ಹೋಗುತ್ತದೆ, ಬುಕ್ಕಿಗೆ ಸೊನ್ನೆ. ಫೇವರಿಟ್ ಗೆದ್ದರೆ 820 ಬಂದು 800 ಹೋಗುತ್ತದೆ, 20 ಉಳಿಯುತ್ತದೆ. ಅವನಿಗೆ ನಷ್ಟವಾಗುವ ಮೂರನೇ ದಾರಿಯೇ ಇಲ್ಲ. ಬುಕ್ಕಿ ಪಂದ್ಯದ ಮೇಲೆ ಜೂಜಾಡುತ್ತಾನೆ ಅಂತ ನಾವೂ ಅಂದುಕೊಂಡಿದ್ದೆವು. ಪುಸ್ತಕ ಸರಿದೂಗಿಸಿಕೊಂಡ ಬುಕ್ಕಿ ಆಡುವುದೇ ಇಲ್ಲ, ಎರಡು ಪೈಸೆಯ ಸಂದಿನಲ್ಲಿ ಕೂತಿರುತ್ತಾನೆ ಅಷ್ಟೇ. ಒಂದೇ ಕಡೆ ಹಣ ಹರಿದು ಬಂದರೆ ದರವನ್ನು ಸರಿಸಿ ಇನ್ನೊಂದು ಕಡೆಗೆ ಜನರನ್ನು ಎಳೆಯುತ್ತಾನೆ. 'ಭಾವ ಬಿತ್ತು, ಒಳಗಿನ ಸುದ್ದಿ ಇರಬೇಕು' ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ಇದನ್ನೇ.

ಸೆಷನ್ ಅಂದರೆ ಪಂದ್ಯದ ಒಂದು ತುಂಡಿನ ಮೇಲಿನ ಬೆಟ್, ಉದಾಹರಣೆಗೆ ಮೊದಲ ಆರು ಓವರಿನ ರನ್. '48-50' ಅಂತ ದರ ಇದ್ದರೆ, 'ಯೆಸ್' ಅಂದವನಿಗೆ 50 ಅಥವಾ ಜಾಸ್ತಿ ಬೇಕು, 'ನೋ' ಅಂದವನಿಗೆ 48ಕ್ಕಿಂತ ಕಡಿಮೆ ಬೇಕು. ಹಾಗಾದರೆ 48 ಅಥವಾ 49 ಬಂದರೆ? ಇಬ್ಬರೂ ಸೋತರು! ಎದುರೆದುರು ಪಣ ಕಟ್ಟಿದ ಇಬ್ಬರೂ ಒಟ್ಟಿಗೆ ಸೋಲುವ ಆಟ ಇನ್ನೆಲ್ಲಾದರೂ ಇದೆಯಾ? ಇಂಥ ಸಣ್ಣಪುಟ್ಟ ಬೆಟ್‌ಗಳಿಗೆಲ್ಲ ಒಟ್ಟಾಗಿ ಫ್ಯಾನ್ಸಿ ಅಂತ ಹೆಸರು. ಸ್ಪಾಟ್ ಫಿಕ್ಸಿಂಗ್ ಬೆಳೆಯುವುದೂ ಈ ಮಣ್ಣಿನಲ್ಲೇ. ಇಡೀ ಪಂದ್ಯ ಸೋಲಲು ಹಲವರನ್ನು ಒಲಿಸಬೇಕು, ಒಂದು ನೋಬಾಲ್‌ಗೆ ಒಬ್ಬ ಬೌಲರ್ ಸಾಕು. 2010ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಆದದ್ದು ಅದೇ. ಮರುವರ್ಷ ಲಂಡನ್‌ನ ನ್ಯಾಯಾಲಯ ಪಾಕಿಸ್ತಾನದ ಮೂವರು ಆಟಗಾರರನ್ನು ಜೈಲಿಗೆ ಕಳಿಸಿತು.

ಆಕರ್ಷಕವಾಗಿ ಕಾಣುವ ಪದಗಳು

ಕಾಂಬೋ, ಮಲ್ಟಿ, ಪಾರ್ಲೆ, ಅಕ್ಯುಮ್ಯುಲೇಟರ್ ಎಲ್ಲವೂ ಒಂದೇ: ನಾಲ್ಕೈದು ಬೆಟ್‌ಗಳನ್ನು ಒಂದೇ ಸರಕ್ಕೆ ಪೋಣಿಸುವುದು, ಒಂದು ಮಣಿ ಜಾರಿದರೂ ಸರ ಹೋಯ್ತು. 1.90ರ ನಾಲ್ಕು ಬೆಟ್ ಗುಣಿಸಿದರೆ 13.03. 'ನೂರಕ್ಕೆ ಸಾವಿರದ ಮುನ್ನೂರು ಗುರು!' ಅಂತ ಸ್ಕ್ರೀನ್‌ಶಾಟ್ ಬರುವುದು ಇಲ್ಲಿಂದಲೇ. ನಾಲ್ಕು ಟಾಸ್ ಸರಿ ಹೇಳುವ ಸಾಧ್ಯತೆ ಹದಿನಾರರಲ್ಲಿ ಒಂದು, ಸರಿಯಾದ ದರ 16. ಒಂದೊಂದರಲ್ಲೂ ಕಡಿತವಾದ ಐದು ಇಲ್ಲಿ ಒಂದರ ಮೇಲೊಂದು ಬೆಳೆದು ಶೇ. 18.5 ಆಗಿದೆ.

ಬೋನಸ್ ಜೊತೆ ಬರುವ ಸಣ್ಣಕ್ಷರದ ಪದ ರೋಲ್‌ಓವರ್. 1,000 ಬೋನಸ್, 20 ಪಟ್ಟು ರೋಲ್‌ಓವರ್ ಅಂದರೆ, ಹಣ ಹೊರತೆಗೆಯುವ ಮೊದಲು 20,000 ರೂಪಾಯಿಯ ಬೆಟ್ ಆಡಿರಬೇಕು. 20,000ದ ಶೇ. 5 ಎಷ್ಟು? 1,000. ಕೊಟ್ಟದ್ದನ್ನು ನಿಮ್ಮ ಕೈಯಿಂದಲೇ ವಾಪಸ್ ಹಾಕಿಸಿಕೊಳ್ಳುವ ಲೆಕ್ಕ.

ಆರ್‌ಟಿಪಿ ಅನ್ನುವುದು ಸ್ಲಾಟ್ ಆಟಗಳಲ್ಲಿ ಕಾಣುತ್ತದೆ. 'ಆರ್‌ಟಿಪಿ 96' ಅಂದರೆ ಹಾಕಿದ್ದರಲ್ಲಿ ಶೇ. 96 ವಾಪಸ್ ಅಂತ. ಕೇಳೋಕೆ ಬ್ಯಾಂಕಿಗಿಂತ ಸುರಕ್ಷಿತ ಅನಿಸುತ್ತದೆ. ಆದರೆ ಇದು ಒಂದು ಸುತ್ತಿನ ಸರಾಸರಿ, ಗೆದ್ದದ್ದನ್ನು ಯಾರೂ ಒಂದು ಸುತ್ತಿಗೆ ಎತ್ತಿಡುವುದಿಲ್ಲ. ಅದೇ 1,000ವನ್ನು ಪೂರ್ತಿಯಾಗಿ ಹತ್ತು ಸಲ ತಿರುಗಿಸಿದರೆ 0.96ರ ಹತ್ತನೇ ಘಾತ, ಉಳಿಯುವುದು ಸರಾಸರಿ 665.

ಟಿಪ್‌ಸ್ಟರ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಟೆಲಿಗ್ರಾಮ್‌ನಲ್ಲಿ 'ನೂರಕ್ಕೆ ನೂರು ರಿಪೋರ್ಟ್' ಅಂತ ಬರುವವನು. ಅವನು 1,024 ಜನಕ್ಕೆ ಮೆಸೇಜ್ ಕಳಿಸುತ್ತಾನೆ ಅಂದುಕೊಳ್ಳಿ. ಅರ್ಧ ಜನಕ್ಕೆ ಈ ತಂಡ, ಅರ್ಧ ಜನಕ್ಕೆ ಆ ತಂಡ. ಪಂದ್ಯ ಮುಗಿದ ಮೇಲೆ ಸರಿ ಹೋದ 512 ಜನರಿಗೆ ಮಾತ್ರ ಮುಂದಿನ ಮೆಸೇಜ್. ಆಮೇಲೆ 256, 128, 64. ಐದು ಪಂದ್ಯ ಕಳೆದಾಗ 32 ಜನರ ಫೋನಿನಲ್ಲಿ ಐದಕ್ಕೆ ಐದು ಸರಿಯಾದ ಭವಿಷ್ಯ ಇರುತ್ತದೆ. ಆರನೆಯದಕ್ಕೆ 'ವಿಐಪಿ ಗ್ರೂಪ್ ಫೀ 2,000' ಅಂತ ಕೇಳುತ್ತಾನೆ. ಬೈನರಿ ಸರ್ಚ್ ಓದಿದ ನಾವೇ ಆ 32ರಲ್ಲಿ ಒಬ್ಬರಾದಾಗ 'ಇವನಿಗೆ ಏನೋ ಗೊತ್ತು' ಅಂತ ನಂಬುತ್ತೇವೆ.

ಆಡುವವನ ತಲೆಯೊಳಗಿನ ಪದಗಳು

ಮಾಂಟೆ ಕಾರ್ಲೊದ ಕ್ಯಾಸಿನೋದಲ್ಲಿ 1913ರ ಆಗಸ್ಟ್ 18ರಂದು ಚೆಂಡು ಸತತ 26 ಸಲ ಕಪ್ಪಿನ ಮೇಲೆ ಬಿತ್ತು. 'ಇನ್ನು ಕೆಂಪೇ ಬರಬೇಕು' ಅಂತ ಜನ ಕೆಂಪಿನ ಮೇಲೆ ಸುರಿಯುತ್ತಲೇ ಹೋದರು. ಚೆಂಡಿಗೆ ನೆನಪಿಲ್ಲ ಅನ್ನುವುದನ್ನು ಮರೆಯುವುದಕ್ಕೆ ಗ್ಯಾಂಬ್ಲರ್ಸ್ ಫ್ಯಾಲಸಿ ಎಂದು ಹೆಸರು.

ಮಾರ್ಟಿಂಗೇಲ್ ಅಂದರೆ ಸೋತಾಗಲೆಲ್ಲ ಪಣ ಇಮ್ಮಡಿ ಮಾಡುವ 'ಸೋಲೇ ಇಲ್ಲದ' ತಂತ್ರ. 100, 200, 400. ಏಳು ಸಲ ಸತತ ಸೋತರೆ ಹೋದದ್ದು 12,700, ಎಂಟನೆಯ ಪಣ 12,800, ಅದೂ ಗೆದ್ದರೆ ಒಟ್ಟು ಲಾಭ 100! ಏಳು ಸಲ ಸತತ ಯಾರು ಸೋಲ್ತಾರೆ ಅಂತೀರಾ? ಸರಿಯಾದ ನಾಣ್ಯವನ್ನೇ 200 ಸಲ ಚಿಮ್ಮಿದರೆ ಎಲ್ಲೋ ಒಂದು ಕಡೆ ಸತತ ಏಳು ಸೋಲು ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ನಂಬಿಕೆ ಬರದಿದ್ದರೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಓಡಿಸಿ ನೋಡಿ, ನಾವೂ ಹಾಗೇ ನೋಡಿದ್ದು.

ಚೇಸಿಂಗ್ ಅಂದರೆ ಹೋದದ್ದನ್ನು ವಾಪಸ್ ತರಲು ಇನ್ನಷ್ಟು ಹಾಕುವುದು. ಇದಕ್ಕೆ ಉದಾಹರಣೆ ಹೊಸದಾಗಿ ಹುಡುಕಬೇಕಿಲ್ಲ. ಧರ್ಮರಾಯ ಮೊದಲು ಸಂಪತ್ತು, ಆಮೇಲೆ ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಒಮ್ಮೆ ಬಿಡುಗಡೆ ಸಿಕ್ಕಿದ ಮೇಲೂ ಎರಡನೇ ಕರೆಗೆ ಎದ್ದು ಹೋದ.

ಕಾನೂನಿನ ಎರಡು ಮಾತು, ಒಂದು ಎಚ್ಚರಿಕೆ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದು, ಜಾಹೀರಾತು ಕೊಡುವುದು, ಅದರ ಹಣ ಸಾಗಿಸುವುದು ಅದರ ಪ್ರಕಾರ ಅಪರಾಧ. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನುವ ಭೇದವಿಲ್ಲ. ಬರೀ ಆಡಿದವನಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ಕುದುರೆ ಓಟದ ದಾರಿ ಬೇರೆ: ಅದು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಇಲ್ಲಿ ವಿದ್ಯಾರ್ಥಿಗಳು ಕಲಿಯಲೇಬೇಕಾದ ಪದ ಮ್ಯೂಲ್ ಅಕೌಂಟ್. 'ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀವಿ' ಅಂತ ಯಾರಾದರೂ ಕೇಳಿದರೆ, ಬೆಟ್ಟಿಂಗ್ ಅಥವಾ ವಂಚನೆಯ ಹಣ ನಿಮ್ಮ ಹೆಸರಿನಲ್ಲಿ ಓಡಾಡಲಿದೆ ಅಂತ ಅರ್ಥ. ನೀವು ಒಂದು ಬೆಟ್ ಹಾಕಿರದಿದ್ದರೂ ಫ್ರೀಜ್ ಆಗುವುದು ನಿಮ್ಮ ಖಾತೆ, ನೋಟಿಸ್ ಬರುವುದು ನಿಮ್ಮ ಮನೆ ವಿಳಾಸಕ್ಕೆ. ಸ್ಕಾಲರ್‌ಶಿಪ್ ಬರುವ ಖಾತೆಯೂ ಅದೇ ಆಗಿರುತ್ತದೆ.

ಆ ಗೆಳೆಯ

ನಮ್ಮ ಬ್ಲಾಕ್‌ನವನು ಒಂದು ಐಪಿಎಲ್ ಪೂರ್ತಿ ಆಡಿದ. ಹೆಚ್ಚಿನದೆಲ್ಲ ಸೆಷನ್, ಟಾಸ್, 1.90ರ ಆಸುಪಾಸಿನವು, ಸರಾಸರಿ 200 ರೂಪಾಯಿಯ ಪಣ. ಕೊನೆಗೆ ಪರೀಕ್ಷಾ ಶುಲ್ಕಕ್ಕೂ ಮೆಸ್ ಬಿಲ್ಲಿಗೂ ಊರಿಂದ ಬಂದ ದುಡ್ಡು ಮುಗಿದಾಗ ನಮ್ಮ ರೂಮಿಗೆ ಬಂದ. ಅವನು ಹೇಳಿದ್ದು ಒಂದೇ ಮಾತು: "ನನ್ನ ಟೈಮ್ ಸರಿ ಇರ್ಲಿಲ್ಲ ಕಣ್ರೋ. ಲಕ್ ಸ್ವಲ್ಪ ಸರಿ ಇದ್ದಿದ್ರೆ ಮೇಲೆ ಬರ್ತಿದ್ದೆ."

ಅವನ ಫೋನಿನಲ್ಲಿದ್ದ ಬೆಟ್ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದೆವು. ಎರಡು ತಿಂಗಳಲ್ಲಿ 920 ಬೆಟ್. ಅವನು ಒಟ್ಟು ಕಳಿಸಿದ್ದು 15,000 ಮಾತ್ರ, ಆದರೆ ಗೆದ್ದದ್ದೂ ಮತ್ತೆ ಒಳಗೇ ಹೋಗಿ, ತಿರುಗಿ ತಿರುಗಿ, ಕಟ್ಟಿದ ಪಣಗಳ ಮೊತ್ತ 1,84,000 ಆಗಿತ್ತು. ಇದಕ್ಕೆ ಟರ್ನ್‌ಓವರ್ ಅಂತಾರೆ, ಆ್ಯಪ್ ಎಲ್ಲೂ ದೊಡ್ಡದಾಗಿ ತೋರಿಸದ ಸಂಖ್ಯೆ. ಅದರ ಶೇ. 5 ಅಂದರೆ 9,200. ಅವನ ನಿಜವಾದ ನಷ್ಟ 10,350. ಇನ್ನು ವಾಲೆಟ್‌ನಲ್ಲಿ ಉಳಿದಿದ್ದ ನಾಲ್ಕೂವರೆ ಸಾವಿರ ಚಿಲ್ಲರೆಯನ್ನು ಹೊರತೆಗೆಯಲು ರೋಲ್‌ಓವರ್ ಬಾಕಿ ಇತ್ತು.

ಇಷ್ಟು ಬೆಟ್‌ಗಳಲ್ಲಿ ಐದಾರು ಸಾವಿರ ಆಚೀಚೆ ಆಗುವುದು ಮಾಮೂಲು, ಹಾಗಾಗಿ ಎರಡೂ ಸಂಖ್ಯೆ ಇಷ್ಟು ಹತ್ತಿರ ಬಂದದ್ದು ಸ್ವಲ್ಪ ಕಾಕತಾಳೀಯವೇ. ಆದರೂ ಅವನು ಆ ಎರಡು ಸೆಲ್‌ಗಳನ್ನು ಬಹಳ ಹೊತ್ತು ನೋಡುತ್ತಾ ಕೂತ. "ಅಂದ್ರೆ ನನ್ನ ಲಕ್ ಸರಿಯಾಗೇ ಇತ್ತಾ?" ಅಂದ. ಹೌದು, ಹೆಚ್ಚುಕಡಿಮೆ ಸರಿಯಾಗೇ ಇತ್ತು.

ಶುಲ್ಕವನ್ನು ನಾವೆಲ್ಲ ಸೇರಿಸಿ ಕಟ್ಟಿದೆವು, ತಿಂಗಳಿಗೆ ಇಷ್ಟು ಅಂತ ತೀರಿಸುತ್ತಿದ್ದಾನೆ. ಮೇಲಿನ 48-50ರ ಸೆಷನ್ ಉದಾಹರಣೆ ಅವನದೇ. ಅವತ್ತು ಅವನು ಯೆಸ್ ಅಂದಿದ್ದ, ರೂಮ್‌ಮೇಟ್ ನೋ ಅಂದಿದ್ದ, ಆರು ಓವರಿಗೆ ಬಂದದ್ದು 49.