ಕೆಲಸದ ಜಾಗದಲ್ಲೇ ಪದವಿಯ ಪ್ರಾಜೆಕ್ಟ್: ಗಿರಣಿ, ಗಣಿ, ಕಾಲುವೆಯಿಂದ ವರದಿಯವರೆಗೆ

ಗಿರಣಿ, ಗಣಿ, ಕಾಲುವೆಯಂಥ ನಿಜವಾದ ಕೆಲಸದ ಜಾಗದಲ್ಲಿ ಒಂದು ತಾಂತ್ರಿಕ ಸಮಸ್ಯೆಯನ್ನು ಅಳೆದು, ಅದಕ್ಕೊಂದು ಪರಿಹಾರ ಪ್ರಯೋಗಿಸಿ, ಕಂಡದ್ದನ್ನು ಪದವಿಗಾಗಿ ಬರೆದು ಒಪ್ಪಿಸುವುದೇ ಕೆಲಸ ಆಧಾರಿತ ಸಂಶೋಧನಾ ಪ್ರಾಜೆಕ್ಟ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ದೊಡ್ಡ ಪಾಲು ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೇ ಮೀಸಲು. ರಾಯಚೂರು ಜಿಲ್ಲೆಯ ವಿದ್ಯಾರ್ಥಿಗಳು ಇದಕ್ಕಾಗಿ ಬೆಂಗಳೂರಿನ ಕಂಪನಿಗಳ ಕರೆಗೆ ಕಾಯಬೇಕಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಗಳು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ, ಮಸ್ಕಿ ಭಾಗದ ತುಂಗಭದ್ರಾ ಎಡದಂಡೆ ವಿತರಣಾ ಕಾಲುವೆಗಳು, ಇವು ಮೂರೂ ಒಳ್ಳೆಯ ಪ್ರಶ್ನೆಗಳ ಆಗರ.

ಪ್ರಶ್ನೆಯ ಆಯ್ಕೆ

‘ಗಿರಣಿಯ ಯಾಂತ್ರೀಕರಣ’ ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ‘ಭತ್ತದ ತೇವಾಂಶ ಹೆಚ್ಚಿದಂತೆ ನುಚ್ಚಿನ ಪ್ರಮಾಣ ಎಷ್ಟು ಏರುತ್ತದೆ? ಒಣಗಿಸುವ ಹಂತದಲ್ಲಿ ಸೆನ್ಸರ್ ಅಳವಡಿಸಿದರೆ ಅದು ಇಳಿಯುತ್ತದೆಯೇ?’ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಅಂಕಿಯಲ್ಲಿ ಸಿಗುತ್ತದೆ, ಒಂದು ಸೆಮಿಸ್ಟರಿನೊಳಗೆ ಮುಗಿಯುತ್ತದೆ, ಗಿರಣಿ ಮಾಲೀಕರಿಗೂ ಅದು ಬೇಕಾದದ್ದೇ. ಪ್ರಶ್ನೆ ಹುಡುಕುವವರು ಮೊದಲು ಮಿಸ್ತ್ರಿ ಮತ್ತು ಆಪರೇಟರ್‌ಗಳನ್ನು ಮಾತಾಡಿಸುವುದು ಲೇಸು. ಯಂತ್ರ ಎಲ್ಲಿ ತೊಂದರೆ ಕೊಡುತ್ತದೆ ಎಂಬುದು ಕಚೇರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ.

ಅನುಮತಿ

ಕಾಲೇಜಿನ ಪತ್ರ, ಕೆಲಸದ ಸ್ಥಳದ ಲಿಖಿತ ಒಪ್ಪಿಗೆ, ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು, ಇಷ್ಟು ಆರಂಭದಲ್ಲೇ ಕೈಸೇರಬೇಕು. ಯಾವ ಮಾಹಿತಿ ವರದಿಯಲ್ಲಿ ಬರಬಹುದು, ಯಾವುದು ಬರಬಾರದು ಎಂಬುದು ಒಪ್ಪಿಗೆ ಪತ್ರದಲ್ಲೇ ಇದ್ದರೆ ಕೊನೆಯ ವಾರದ ತಕರಾರು ತಪ್ಪುತ್ತದೆ. ಕಾರ್ಮಿಕರ ಫೋಟೊ, ಬೆರಳಚ್ಚು, ಹಾಜರಾತಿ ಬಳಸುವ ಪ್ರಾಜೆಕ್ಟ್ ಆದರೆ ಅವರ ಒಪ್ಪಿಗೆಯೂ ಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಕಾಲುವೆಯ ಮೇಲೆ ಏನನ್ನೇ ಕೂರಿಸುವುದಾದರೂ ನೀರಾವರಿ ಎಂಜಿನಿಯರರ ಅನುಮತಿ ಕಡ್ಡಾಯ. ಗಣಿಯಲ್ಲಿ ಸುರಕ್ಷತಾ ನಿಯಮಗಳು ಇನ್ನೂ ಬಿಗಿ. ಹಟ್ಟಿಯಲ್ಲಿ ಪ್ರಾಜೆಕ್ಟ್ ಮಾಡುವವರು ನೆಲದಾಳದ ಆಸೆ ಬಿಟ್ಟು, ಪಂಪು, ಕಂಪ್ರೆಸರ್, ಅದಿರು ಅರೆಯುವ ಘಟಕದ ವಿದ್ಯುತ್ ಬಳಕೆಯಂಥ ಮೇಲ್ಮೈ ವಿಷಯಗಳನ್ನು ಆರಿಸಿಕೊಂಡರೆ ಅನುಮತಿ ಸುಲಭ, ದತ್ತಾಂಶವೂ ಹೇರಳ.

ಬೆಳೆಯ ಪಂಚಾಂಗ

ಈ ಭಾಗದ ಪ್ರಾಜೆಕ್ಟುಗಳಿಗೆ ವಿಶ್ವವಿದ್ಯಾಲಯದ ವೇಳಾಪಟ್ಟಿಯಷ್ಟೇ ಬೆಳೆಯ ವೇಳಾಪಟ್ಟಿಯೂ ಮುಖ್ಯ. ಮುಂಗಾರಿನ ಭತ್ತ ಗಿರಣಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ. ಬೇಸಿಗೆ ಭತ್ತ ಏಪ್ರಿಲ್ ಹೊತ್ತಿಗೆ, ಅದೂ ಎರಡನೇ ಬೆಳೆಗೆ ನೀರು ಬಿಟ್ಟರೆ ಮಾತ್ರ. ಹಸಿ ಭತ್ತದ ಮೇಲೆ ಅಧ್ಯಯನ ಮಾಡಬೇಕಾದವರು ಫೆಬ್ರುವರಿಯಲ್ಲಿ ಗಿರಣಿಗೆ ಹೋದರೆ ಸಿಗುವುದು ಗೋದಾಮಿನ ಒಣ ಭತ್ತ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಆಯಕಟ್ಟಿನ ಲೆಕ್ಕಾಚಾರವೆಲ್ಲ ಅಲುಗಾಡಿತ್ತು. ಆದ್ದರಿಂದ ನೀರು, ಬೆಳೆ ಕೈಕೊಟ್ಟರೂ ಮುಂದುವರಿಸಬಹುದಾದ ಎರಡನೇ ಯೋಜನೆಯೊಂದು ಸಾರಾಂಶಪತ್ರದಲ್ಲೇ ಇರಲಿ.

ಮೊದಲು ಅಳತೆ, ಆಮೇಲೆ ಬದಲಾವಣೆ

ಹೆಚ್ಚಿನ ಪ್ರಾಜೆಕ್ಟುಗಳು ಸೋಲುವುದು ಇಲ್ಲೇ. ಉಪಕರಣ ಜೋಡಿಸುವ ಉತ್ಸಾಹದಲ್ಲಿ ಹಿಂದಿನ ಸ್ಥಿತಿಯನ್ನು ದಾಖಲಿಸದೇ ಹೋದರೆ, ಸುಧಾರಣೆಯಾಗಿದೆ ಎಂದು ಹೇಳಲು ಆಧಾರವೇ ಉಳಿಯುವುದಿಲ್ಲ. ಗಿರಣಿಯಲ್ಲಾದರೆ ಪ್ರತಿ ಲಾಟಿನ ತೇವಾಂಶ, ರಬ್ಬರ್ ರೋಲರ್‌ಗಳ ನಡುವಿನ ಅಂತರ, ಸುಟ್ಟ ವಿದ್ಯುತ್ ಯೂನಿಟ್, 100 ಗ್ರಾಂ ಮಾದರಿಯಲ್ಲಿನ ನುಚ್ಚಿನ ತೂಕ, ಇವನ್ನು ಏನೂ ಬದಲಿಸದೆ ಕೆಲವು ವಾರ ಬರೆದಿಡಬೇಕು. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಶೇ 17ರ ಮಿತಿಯಿದೆ. ಕ್ವಿಂಟಲ್ ಭತ್ತಕ್ಕೆ 67 ಕಿಲೊ ಅಕ್ಕಿ ಎಂಬುದು ಅಲ್ಲಿ ಕುದಿಸದ ಭತ್ತದ ಅಕ್ಕಿಗೆ ನಿಗದಿಯಾದ ಇಳುವರಿ. ಹೋಲಿಕೆಗೆ ಇವು ಅನುಕೂಲ. ಕೈಯ ತೇವಾಂಶ ಮಾಪಕವನ್ನು ಕುರುಡಾಗಿ ನಂಬದೆ, ಕೆಲವು ಮಾದರಿಗಳನ್ನು ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸಿ ತೂಗಿ ತಾಳೆ ನೋಡಬೇಕು.

ಕಾಲುವೆಯ ನೀರಿನ ಮಟ್ಟಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಬಳಸುವವರಿಗೆ ಇಲ್ಲಿನ ಬಿಸಿಲೇ ಪರೀಕ್ಷೆ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. 40 ಡಿಗ್ರಿಯಲ್ಲಿ ಸುಮಾರು 355. ಪ್ರೋಗ್ರಾಮಿನಲ್ಲಿ 343 ಎಂದೇ ಬಿಟ್ಟರೆ, ಸೆನ್ಸರಿನಿಂದ ಎರಡು ಮೀಟರ್ ಕೆಳಗಿರುವ ನೀರು ಮಧ್ಯಾಹ್ನದ ಹೊತ್ತು 7 ಸೆಂಟಿಮೀಟರಿನಷ್ಟು ಮೇಲಿರುವಂತೆ ತೋರುತ್ತದೆ. ಕೊನೆಭಾಗದ ರೈತರಿಗೆ ನೀರು ತಲುಪದಿದ್ದರೂ ಕಂಪ್ಯೂಟರ್ ‘ತಲುಪಿದೆ’ ಎನ್ನುವ ಅಪಾಯ ಇದು. ತಾಪಮಾನದ ಸೆನ್ಸರ್ ಜೋಡಿಸಿ, ದಿನದಲ್ಲಿ ಎರಡು ಹೊತ್ತು ಕಾಲುವೆಯ ಗೇಜ್ ಕಲ್ಲಿನ ಓದಿನೊಡನೆ ಹೋಲಿಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಪ್ರಯೋಗ

ಪರಿಹಾರ ಚಿಕ್ಕದಿರಲಿ: ಒಂದೇ ಯಂತ್ರ, ಒಂದೇ ತೂಬು. ಒಮ್ಮೆಗೆ ಒಂದೇ ಅಂಶ ಬದಲಿಸಬೇಕು. ರೋಲರ್ ಅಂತರವನ್ನೂ ತೇವಾಂಶವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಖರ್ಚಿಗೆ ನೆರವು ಬೇಕಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮಕ್ಕೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು.

ವರದಿ, ಮೌಖಿಕ ಪರೀಕ್ಷೆ

ವಿದ್ಯುತ್ ಹೋದ ಹೊತ್ತು, ಸೆನ್ಸರ್ ಕೆಟ್ಟ ದಿನ, ಬದಲಾದ ಭತ್ತದ ತಳಿ, ಎಲ್ಲವೂ ಅಂದಂದೇ ದಿನಚರಿ ಪುಸ್ತಕಕ್ಕೆ ಏರಬೇಕು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೆದಕುವುದು ನಕ್ಷೆಯ ಏರಿಳಿತಗಳನ್ನೇ. ಉತ್ತರ ಇರುವುದು ಆ ಪುಸ್ತಕದಲ್ಲಿ. ನಿರೀಕ್ಷಿಸಿದ ಲಾಭ ಸಿಗದಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು. ಸರಿಯಾಗಿ ಅಳೆದ ವೈಫಲ್ಯಕ್ಕೆ ತಿದ್ದಿದ ಯಶಸ್ಸಿಗಿಂತ ಹೆಚ್ಚಿನ ಬೆಲೆಯಿದೆ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳು ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಅದನ್ನು ಮೀರಿ ಶೇ 40ರವರೆಗೆ ಹೋದರೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ. ಈ ನಿಯಮಗಳು ಪ್ರಾಜೆಕ್ಟ್ ವರದಿಗಳಿಗೆ ನೇರವಾಗಿ ಅನ್ವಯಿಸದಿದ್ದರೂ, ಹಿಂದಿನ ವರ್ಷದ ವರದಿಯಿಂದ ಪೀಠಿಕೆ ನಕಲಿಸುವುದು ಸಲ್ಲದು.

ವರದಿ ಇಂಗ್ಲಿಷಿನಲ್ಲಿದ್ದರೂ, ಫಲಿತಾಂಶ ಮತ್ತು ಉಪಕರಣ ಬಳಸುವ ವಿಧಾನವನ್ನು ಒಂದು ಪುಟದ ಕನ್ನಡದಲ್ಲಿ ಬರೆದು ಮಿಸ್ತ್ರಿಗೋ ನೀರುಗಂಟಿಗೋ ಕೊಡುವುದು ಪ್ರಾಜೆಕ್ಟಿನ ಭಾಗವೇ ಆಗಬೇಕು. ಉಪಕರಣ ಅಲ್ಲೇ ಉಳಿಯುವುದಾದರೆ ಪಾಸ್‌ವರ್ಡ್, ವೈರಿಂಗ್ ನಕ್ಷೆ, ಬ್ಯಾಟರಿ ಬದಲಿಸುವ ಅವಧಿ ಇವನ್ನು ಲಿಖಿತವಾಗಿ ಹಸ್ತಾಂತರಿಸಬೇಕು. ಉಳಿಯದಿದ್ದರೆ ತಂತಿ, ಕಂಬಗಳನ್ನೆಲ್ಲ ಬಿಚ್ಚಿ, ಜಾಗ ಮೊದಲಿನಂತಾಗಿದೆ ಎಂಬ ಸಹಿಯನ್ನು ಅಲ್ಲಿನ ಮಾರ್ಗದರ್ಶಕರಿಂದ ಪಡೆಯಬೇಕು.